ಸಿಗ್ನಲ್ ಸಿಗದ ಜಾಗದಲ್ಲಿ ಸಭೆ

ಟೀವಿ ಪರದೆಯ ಮೇಲೆ ತನ್ನ ಗಂಡ ಕೈ ಎತ್ತಿದ್ದನ್ನು ತಾರ್ಹೇಲಿಯಾ ಕಣ್ಣಾರೆ ನೋಡಿದಳು. ತಲೆ ಕೆರೆದುಕೊಳ್ಳುತ್ತಿರಬೇಕು ಎಂದುಕೊಂಡಳು ಮೊದಲು. ಆದರೆ ಕೈ ಇಳಿಯಲಿಲ್ಲ. ಅವೆಲಿನೊ ಕ್ಯಾಮೆರಾದ ಕಡೆ ನೋಡದೆ, ಪಕ್ಕದ ಗೋಡೆಯ ಕಡೆ ಮುಖ ಮಾಡಿಕೊಂಡು, ಶಾಲೆಯಲ್ಲಿ ಮೇಷ್ಟ್ರು ಬಯ್ಯುತ್ತಾರೆಂದು ಹೆದರಿದವನಂತೆ ಅರ್ಧ ಕೈ ಎತ್ತಿ ಹಿಡಿದಿದ್ದ.

ಬೆಟ್ಟದ ಮೇಲಿನ ಊರಾದ ಸಿಗ್ಸಿಲೋಮದ ಸಮುದಾಯ ಭವನದಲ್ಲಿ ಆ ಭಾನುವಾರ ಕಾಲುವೆ ಸಂಘದ ಸಭೆ. ಬೆಂಚುಗಳ ಮೇಲೆ ಬಿಳಿ ಟೋಪಿಯ ಹೆಂಗಸರು, ಬೆನ್ನಿಗೆ ಕಟ್ಟಿಕೊಂಡ ಕೂಸುಗಳು, ಮೂಲೆಯಲ್ಲಿ ಪೋಂಚೊ ಕಂಬಳಿ ಹೊದ್ದ ನಾಲ್ಕಾರು ಮುದುಕರು. ಎದುರಿಗೆ ಟೀವಿಯ ತುಂಬ ಚೌಕ ಚೌಕ ಮುಖಗಳು. ನ್ಯೂಯಾರ್ಕಿನ ಅಡುಗೆಮನೆಗಳಿಂದ, ನ್ಯೂಜೆರ್ಸಿಯ ವ್ಯಾನುಗಳ ಹಿಂದಿನ ಸೀಟಿನಿಂದ, ಕಟ್ಟುತ್ತಿರುವ ಮನೆಗಳ ಸೂರಿನ ಮೇಲಿಂದ ಊರಿನ ಗಂಡಸರು ಊರಿನ ನೀರಿನ ವಿಷಯ ತೀರ್ಮಾನ ಮಾಡುತ್ತಿದ್ದರು. ಹಗಲು ಹೊತ್ತು ಕಾಲುವೆಯ ನೀರನ್ನು ಹುಲ್ಲುಗಾವಲಿಗೆ ಬಿಡುವುದು ಬೇಡ. ಕೊಳವೆ ಹಾಕಿ ಚರ್ಚಿನ ಪಕ್ಕದ ಹೊಸ ಟ್ಯಾಂಕಿಗೆ ತುಂಬಿಸಿ ದೊಡ್ಡ ಮನೆಗಳ ನಲ್ಲಿಗೂ ಚೌಕದ ಕಾರಂಜಿಗೂ ಕೊಡೋಣ. ಹೊಲಗದ್ದೆಗೆ ರಾತ್ರಿ ನೀರು ಸಾಕು. ಹೀಗೆಂದು ಸಲಹೆ ಕೊಟ್ಟವನು ನೆಪ್ತಾಲಿ. ನ್ಯೂಯಾರ್ಕಿನಲ್ಲಿ ಅವನ ಕೈಕೆಳಗೆ ಊರಿನ ಅರ್ಧದಷ್ಟು ಹುಡುಗರು ಸೂರು ಹೊದಿಸುವ ಕೆಲಸ ಮಾಡುತ್ತಿದ್ದರು.

"ರಾತ್ರಿ ಹೊತ್ತು ನೀರು ಹಾಯಿಸಿದ್ರೆ ಹಿಮ ಬಿದ್ದು ಹುಲ್ಲು ಕರಕಲಾಗತ್ತೆ ನೆಪ್ತಾಲಿ," ಎಂದಳು ತಾರ್ಹೇಲಿಯಾ. "ನಿಂಗಿದು ಗೊತ್ತಿಲ್ಲದ್ದೇನಲ್ಲ. ನೀನೂ ಇಲ್ಲೇ ಹಸು ಕಾದವನು."

"ಕಾಲ ಬದಲಾಗಿದೆ ಅಧ್ಯಕ್ಷರೇ. ಹುಲ್ಲು ಬೆಳ್ಕೊಂಡು ಯಾರು ಉದ್ಧಾರ ಆಗಿದಾರೆ? ಊರಿಗೆ ದುಡ್ಡು ಎಲ್ಲಿಂದ ಬರ್ತಿದೆ? ಹಸುವಿನ ಕೆಚ್ಚಲಿಂದಾನಾ?"

ಪರದೆಯೊಳಗೆ ನಗು ಎದ್ದಿತು. ಮುಂದಿನ ಬೆಂಚಿನಲ್ಲಿ ಕೂತಿದ್ದ ತಾರ್ಹೇಲಿಯಾಳ ಅತ್ತೆ ಪೆತ್ರೋನಾ ಸರ್ರನೆ ಎದ್ದು ನಿಂತಳು.

"ಲೇ ನೆಪ್ತಾಲಿ! ನಿಮ್ಮಮ್ಮನಿಗೆ ಹಾಲು ಬತ್ತಿದಾಗ ನಮ್ಮನೆ ಹಸುವಿನ ಕೆಚ್ಚಲೇ ಕಣೋ ನಿನ್ನ ಬದುಕಿಸಿದ್ದು. ಇಲ್ದಿದ್ರೆ ಗಡಿ ದಾಟೋಷ್ಟು ಉದ್ದ ಎಲ್ಲಿ ಬೆಳೀತಿದ್ದೆ ನೀನು?"

ಈ ಸಲ ಬೆಂಚುಗಳು ನಕ್ಕವು. ನೆಪ್ತಾಲಿ ನಗಲಿಲ್ಲ. "ಕೈ ಎತ್ತಿದವರನ್ನ ಎಣಿಸಿ," ಎಂದ.

ಎಣಿಸುವುದಕ್ಕೆ ಏನೂ ಇರಲಿಲ್ಲ. ಸಂಘದಲ್ಲಿ ಮನೆಗೊಂದು ಮತ, ಮತ ಮನೆಯ ಯಜಮಾನನ ಹೆಸರಿಗೆ. ಯಜಮಾನರಲ್ಲಿ ಬಹುಪಾಲು ಪರದೆಯೊಳಗಿದ್ದರು. ಗಂಡಸರು ಹೋದ ಮೇಲೆ ಹೊರುವವರಿಲ್ಲದೆ ಅಧ್ಯಕ್ಷಗಿರಿಯನ್ನು ತಾರ್ಹೇಲಿಯಾಳ ತಲೆಗೆ ಕಟ್ಟಿದ್ದರು. ಮತವನ್ನು ಮಾತ್ರ ಕಟ್ಟಿರಲಿಲ್ಲ. ಹನ್ನೊಂದು ವರ್ಷದಿಂದ ವರ್ಷಕ್ಕೆರಡು ಸಲ ಆ ಕಾಲುವೆಯ ಹೂಳನ್ನು ಸೊಂಟದವರೆಗೆ ತಣ್ಣೀರಲ್ಲಿ ನಿಂತು ಎತ್ತಿದ್ದು ಅವಳು. ಕೈ ಎತ್ತಿದ್ದು ಅವೆಲಿನೊ, ಅದೂ ಅವಳ ವಿರುದ್ಧ.

"ಸಲಹೆ ಪಾಸಾಯ್ತು," ಎಂದಳು.

ಮಾರನೆಯ ಬೆಳಿಗ್ಗೆ ಹಾಲು ಕರೆಯುತ್ತಿದ್ದಾಗ ಅವನೇ ಫೋನ್ ಮಾಡಿದ. ಅವಳು ಫೋನನ್ನು ಟೋಪಿಯ ಪಟ್ಟಿಗೆ ಸಿಕ್ಕಿಸಿಕೊಂಡು ಕರೆಯುವುದನ್ನು ನಿಲ್ಲಿಸಲಿಲ್ಲ.

"ಕೋಪಾನಾ?"

"ಹಸು ಹಾಲು ಕೊಡ್ತಿದೆ. ಹೇಳೋದಿದ್ರೆ ಬೇಗ ಹೇಳು."

"ನೆಪ್ತಾಲಿ ಕೈಕೆಳಗೆ ಕೆಲಸ ಮಾಡ್ತಿರೋನು ನಾನು. ಅವನ ಎದುರು ಕೈ ಕೆಳಗಿಟ್ರೆ ನಾಳೆ ಬೆಳಿಗ್ಗೆ ಕೆಲಸದ ವ್ಯಾನ್ ನಮ್ಮ ಬಾಗಿಲಿಗೆ ಬರಲ್ಲ ಕಣೇ."

"ಹಂಗಾದ್ರೆ ಅದು ನಿನ್ನ ಮತ ಅಲ್ಲ, ಅವನ ಮತ. ಸರಿ. ನಿನ್ನ ಮತಾನ ಅವನಿಗೆ ಕೊಡೋದಿದ್ರೆ ನನಗ್ಯಾಕೆ ಕೊಡ್ಲಿಲ್ಲ? ಹೂಳು ಎತ್ತಿದ್ದು ಅವನಾ ನಾನಾ?"

"ಅಷ್ಟು ಸುಲಭ ಅಲ್ಲ ಇಲ್ಲಿ..."

"ಇಲ್ಲಿ ಸುಲಭ ಇದೆಯಾ?" ಎಂದಳು. ದನಿ ಏರಿದ್ದಕ್ಕೆ ಹಸು ಬೆಚ್ಚಿ ಕಾಲು ಝಾಡಿಸಿತು. ಅರ್ಧ ಬಕೆಟ್ ಹಾಲು ಮಣ್ಣಿಗೆ ಚೆಲ್ಲಿಹೋಯಿತು. ಅವಳು ಫೋನ್ ಆರಿಸಿದಳು.

ಸಿಟ್ಟು ಆ ಭಾನುವಾರ ಹುಟ್ಟಿದ್ದಲ್ಲ. ಸಿಗ್ಸಿಲೋಮದ ಇಳಿಜಾರಿನಲ್ಲಿ ಈಗ ಬೆಳೆಯುತ್ತಿದ್ದುದು ಮನೆಗಳು. ಮೂರು ಮಹಡಿ, ನೀಲಿ ಗಾಜು, ಗೇಟಿನ ಮೇಲೆ ಸಿಮೆಂಟಿನ ಹದ್ದು. ಒಳಗೆ ನರಪಿಳ್ಳೆ ಇಲ್ಲ. ಅವಳ ಹೊಲಕ್ಕೆ ಅಂಟಿದ್ದ ಬಾರ್ಲಿ ಗದ್ದೆಯನ್ನು ಕೊಳ್ಳಲು ಅವಳು ವರ್ಷಗಟ್ಟಲೆ ಹಾಲಿನ ಲಾರಿಯವನು ಕೊಡುತ್ತಿದ್ದ ದುಡ್ಡು ಕೂಡಿಟ್ಟಿದ್ದಳು. ಗದ್ದೆಯ ಮಾಲೀಕ ಮುದುಕ ಅವಳಿಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಕೊನೆಗೆ ಅದನ್ನು ಕೊಂಡವನು ಷಿಕಾಗೋದಲ್ಲಿರುವ ಇಪ್ಪತ್ತೆರಡರ ಹುಡುಗ, ಗದ್ದೆಯನ್ನು ಫೋಟೋದಲ್ಲಿ ಮಾತ್ರ ನೋಡಿದವನು. ಮುದುಕ ಅವಳ ಮುಖ ನೋಡಲಾರದೆ ದಾರಿ ಬದಲಿಸಿ ಓಡಾಡತೊಡಗಿದ. ಆ ಬಾರ್ಲಿ ಗದ್ದೆಯಲ್ಲಿ ಈಗ ಹೊಸ ಮನೆಯ ಕಬ್ಬಿಣದ ಕಂಬಿಗಳು ಎದ್ದು ನಿಂತಿವೆ. ಆಲೂಗಡ್ಡೆ ಪೇಟೆಯಿಂದ ಬರುತ್ತದೆ. ಶಾಲೆಯಲ್ಲಿ ಎರಡು ಕೋಣೆ ಮುಚ್ಚಿದ್ದಾರೆ. ಮುಚ್ಚಿದ ಒಂದು ಕೋಣೆಯಲ್ಲಿ ಹಣ ಕಳಿಸುವ, ಪಡೆಯುವ ಕೌಂಟರ್ ಬಂದಿದೆ. ಊರಿನಲ್ಲಿ ಸಾಲು ನಿಲ್ಲುವ ಜಾಗ ಅದೊಂದೇ.

ಖಾಲಿ ಮನೆಗಳನ್ನು ಕಾಯಲು ಬಂದವರು ವೆನೆಜುವೆಲಾದವರು. ನೆಪ್ತಾಲಿಯ ಮನೆ ಕಾಯುತ್ತಿದ್ದವರು ಮೈರೆಲಿಸ್ ಮತ್ತು ಅವಳ ಗಂಡ ಯೋರ್ಮಾನ್. ಕಡಲ ತೀರದ ಸೆಕೆಯಲ್ಲಿ ಬೆಳೆದ ಜನ. ಇಲ್ಲಿನ ಚಳಿಗೆ ಮೂರು ಸ್ವೆಟರ್ ಹಾಕಿಕೊಂಡು, ಅದರ ಮೇಲೆ ಪೋಂಚೊ ಹೊದ್ದು, ಆದರೂ ನಡುಗುತ್ತ ಜೋಕು ಹೇಳುತ್ತಿದ್ದರು. ಮೂರು ಮಹಡಿಯಲ್ಲಿ ಅವರಿಗೆ ಕೊಟ್ಟಿದ್ದು ಗ್ಯಾರೇಜಿನ ಪಕ್ಕದ ಕೋಣೆ. ಊರಿನ ಸಾಮೂಹಿಕ ಕೆಲಸಕ್ಕೆ, ಅಂದರೆ ಮಿಂಗಾಕ್ಕೆ, ಕೊಂಬು ಊದಿದಾಗ ನೆಪ್ತಾಲಿಯ ಪರವಾಗಿ ಸಲಿಕೆ ಹಿಡಿದು ಬರುತ್ತಿದ್ದವರೂ ಅವರೇ. ಹಾಜರಿ ಮಾತ್ರ ನೆಪ್ತಾಲಿಯ ಹೆಸರಿಗೆ.

ಸಭೆಯಾಗಿ ತಿಂಗಳು ಕಳೆದಿರಲಿಲ್ಲ, ಏಪ್ರಿಲ್ಲಿನ ಮಳೆಗೆ ಮೇಲಿನ ಕೊರಕಲಿನಲ್ಲಿ ಗುಡ್ಡ ಜರಿದು ಕಾಲುವೆ ಮುಚ್ಚಿಹೋಯಿತು. ಹುಲ್ಲುಗಾವಲಿಗೂ ಇಲ್ಲ, ಕಾರಂಜಿಗೂ ಇಲ್ಲ. ನೀರು ಹಾದಿ ತಪ್ಪಿ ಕೊರಕಲಿಗೇ ಬೀಳತೊಡಗಿತು. ಊರಿನ ಹಿರಿಯ ಇಲಾರಿಯೊ ಅಜ್ಜ ಕೊಂಬು ಊದಿದ. ತಾರ್ಹೇಲಿಯಾ ಫೋನಿನ ಗುಂಪಿಗೂ ಸುದ್ದಿ ಹಾಕಿದಳು: ಕಾಲುವೆ ಮುಚ್ಚಿಹೋಗಿದೆ, ಮಿಂಗಾಕ್ಕೆ ಬನ್ನಿ. ಉತ್ತರವಾಗಿ ಹೆಬ್ಬೆರಳಿನ ಚಿತ್ರಗಳು ಬಂದವು, ಕೈ ಮುಗಿದ ಚಿತ್ರಗಳು ಬಂದವು, ಯಾರೋ ಒಬ್ಬ ಕನ್ಯಾಮಾತೆಯ ಚಿತ್ರವನ್ನೂ ಕಳಿಸಿದ. ಗುಡ್ಡಕ್ಕೆ ಬಂದವರು ಅದೇ ಹೆಂಗಸರು, ಅದೇ ಮುದುಕರು, ಮತ್ತು ಮನೆ ಕಾಯುವ ವೆನೆಜುವೆಲಾದವರು.

ಕೆಸರು ಗಮ್ಮಿನಂತೆ ಹಿಡಿಯುತ್ತಿತ್ತು. ಸಲಿಕೆ ಎತ್ತಿದರೆ ಅರ್ಧ ಮಣ್ಣು ಸಲಿಕೆಗೇ ಅಂಟಿಕೊಂಡು ಬರುತ್ತಿತ್ತು. ಹೆಂಗಸರು ಉಣ್ಣೆಯ ಲಂಗವನ್ನು ಮೊಣಕಾಲಿಗೆ ಸಿಕ್ಕಿಸಿ, ಸಾಲಾಗಿ ನಿಂತು, ಮಣ್ಣು ತುಂಬಿದ ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಮಧ್ಯಾಹ್ನ ಪೆತ್ರೋನಾ ಬೇಯಿಸಿದ ಮೆಕ್ಕೆಜೋಳ, ಹುರುಳಿಕಾಯಿ, ಖಾರದ ಗೊಜ್ಜು ಕತ್ತೆಯ ಮೇಲೆ ಹೇರಿಕೊಂಡು ಬಂದಳು. ನೆಲದ ಮೇಲೆ ಬಟ್ಟೆ ಹಾಸಿ, ಎಲ್ಲರೂ ಒಂದೇ ರಾಶಿಯಿಂದ ಕೈ ಹಾಕಿ ತಿಂದರು.

"ಅಜ್ಜೀ, ನಮ್ಮೂರಲ್ಲಿ ಇಂಥ ಜೋಳ ಕೋಳಿಗೆ ಹಾಕ್ತೀವಿ," ಎಂದು ಯೋರ್ಮಾನ್ ಕಾಲೆಳೆದ.

"ಅದಕ್ಕೇ ನಿಮ್ಮೂರಲ್ಲಿ ಕೋಳಿಗಳು ಉಳ್ಕೊಂಡು ಗಂಡಸರು ಓಡಿಹೋದದ್ದು. ತಿನ್ನು ಬಾಯ್ಮುಚ್ಕೊಂಡು."

ಎಲ್ಲರಿಗಿಂತ ಜೋರಾಗಿ ನಕ್ಕವಳು ಮೈರೆಲಿಸ್. ತಾರ್ಹೇಲಿಯಾಳಿಗೂ ತಿಂಗಳಲ್ಲಿ ಮೊದಲ ಸಲ ನಗು ಬಂತು.

ಊಟ ಮುಗಿಸಿ ಎದ್ದು ಸ್ವಲ್ಪ ಹೊತ್ತಿಗೆ, ಯೋರ್ಮಾನ್ ಹಾರೆ ಹಾಕಿ ಮೀಟುತ್ತಿದ್ದ ಬಂಡೆಯ ಮೇಲಿನ ಮಣ್ಣು ಕುಸಿಯಿತು. ಬಂಡೆ ಅವನ ಕಡೆಗೇ ಉರುಳಿತು. ಕಿರುಚಿದವಳು ಮೈರೆಲಿಸ್, ಅವನಿಗೆ ಕಿರುಚಲೂ ಆಗಲಿಲ್ಲ. ಆರು ಜನ ಹೆಂಗಸರು ಹೆಗಲು ಕೊಟ್ಟು ಬಂಡೆ ಸರಿಸಿದಾಗ ಮೊಣಕಾಲಿನ ಕೆಳಗೆ ಅವನ ಕಾಲು ಇರಬಾರದ ಕಡೆಗೆ ತಿರುಗಿತ್ತು. ಎರಡು ಪೋಂಚೊ ಬಿಗಿದು, ಗುದ್ದಲಿಯ ಕಾವುಗಳಿಗೆ ಕಟ್ಟಿ, ಅವನನ್ನು ಮಲಗಿಸಿಕೊಂಡು ಜಾರುವ ಇಳಿಜಾರಿನಲ್ಲಿ ರಸ್ತೆಯವರೆಗೆ ಹೊತ್ತು ತಂದರು. ಪೆತ್ರೋನಾ ಮುಂದೆ ಮುಂದೆ ನಡೆಯುತ್ತ, "ಇಲ್ಲಿ ಕಲ್ಲು, ಇಲ್ಲಿ ಗುಂಡಿ," ಎಂದು ಕೂಗುತ್ತಿದ್ದಳು.

ರಸ್ತೆಗೆ ಬಂದ ಮೇಲೆ ಸಿಗ್ನಲ್ ಸಿಕ್ಕಿತು. ಹಾಲಿನ ಲಾರಿಯಲ್ಲಿ ಯೋರ್ಮಾನನನ್ನು ಪೇಟೆಯ ಆಸ್ಪತ್ರೆಗೆ ಸಾಗಿಸಿ, ತಾರ್ಹೇಲಿಯಾ ಅಲ್ಲೇ ನಿಂತು ನೆಪ್ತಾಲಿಗೆ ಫೋನ್ ಮಾಡಿದಳು. ಮೈಮೇಲೆಲ್ಲ ಕೆಸರು, ಕೈಗೆ ಅಂಟಿದ ರಕ್ತ ಯಾರದೆಂದು ಅವಳಿಗೇ ತಿಳಿಯದು.

"ಅಯ್ಯೋ ಪಾಪ," ಎಂದ ನೆಪ್ತಾಲಿ. ಹಿಂದೆ ಎಲ್ಲೋ ಮೊಳೆ ಹೊಡೆಯುವ ಸದ್ದು ಕೇಳುತ್ತಿತ್ತು. "ನಾಳೆ ಇನ್ನೊಬ್ಬನ್ನ ಕಳಿಸ್ತೀನಿ. ನನ್ನ ಹಾಜರಿ ತಪ್ಪಿಸಬೇಡಿ."

"ಹಾಜರಿ?"

"ಇವತ್ತಿಂದು ಅರ್ಧ ದಿನ ಆದ್ರೂ ಮಾಡಿದಾನಲ್ಲ?"

"ನೆಪ್ತಾಲಿ, ಅವನ ಕಾಲು ಮುರಿದಿದೆ. ನಿನ್ನ ಹೆಸರಿಗೆ ದುಡಿಯೋಕೆ ಬಂದು ಮುರ್ಕೊಂಡಿದಾನೆ."

"ನಾನೇನು ಬಂಡೆ ಉರುಳಿಸಿದ್ನಾ? ಕೂಲಿಗೆ ಬಂದವನು. ಕೂಲಿ ಕೊಟ್ಟಿದೀನಿ. ಇನ್ನೊಂದು, ಕುಂಟನ್ನ ಇಟ್ಕೊಂಡು ಮನೆ ಕಾಯ್ಸೋಕಾಗಲ್ಲ. ಈ ತಿಂಗಳ ಕೊನೇಗೆ ಜಾಗ ಖಾಲಿ ಮಾಡೋಕೆ ಆ ಹೆಂಗಸಿಗೆ ನೀವೇ ಒಂದು ಮಾತು ಹೇಳ್ಬಿಡಿ. ನಿಮ್ಮ ಮಾತು ಕೇಳ್ತಾಳೆ."

ತಾರ್ಹೇಲಿಯಾ ಕರೆ ಕಡಿದಳು. ಫೋನನ್ನು ಕೆಸರಿಗೆ ಎಸೆಯಬೇಕೆನ್ನಿಸಿತು, ಎಸೆಯಲಿಲ್ಲ. ಅದನ್ನು ಕೊಡಿಸಿದ್ದು ಅವೆಲಿನೊ ಎಂಬುದೇ ಅವಳನ್ನು ಇನ್ನಷ್ಟು ಕೆರಳಿಸಿತು. ಮನೆಗೆ ಬಂದು, ಕೈ ತೊಳೆಯದೆ, ಒಲೆಯ ಮುಂದೆ ಕೂತವಳು ಅತ್ತೆಗೆ ಅಂದಳು:

"ಮತ್ತೆ ಸಭೆ ಕರೀತೀನಿ. ಅಗೆದವರಿಗೇ ಮತ ಅಂತ ಮಾಡ್ತೀನಿ."

"ಕರಿ. ಆ ಟೀವಿ ಮುಂದೆ ಕೂತ್ಕೊಂಡು ಮತ್ತೆ ಸೋಲು," ಎಂದಳು ಪೆತ್ರೋನಾ, ಊಟಕ್ಕೆಂದು ಸಾಕಿದ, ಅಡುಗೆಮನೆಯಲ್ಲಿ ಓಡಾಡುತ್ತಿದ್ದ ಗಿನಿಯಿಲಿಗಳಿಗೆ ಹುಲ್ಲು ಹಾಕುತ್ತ. "ಸಭೆ ಭವನದಲ್ಲೇ ಸೇರ್ಬೇಕು ಅಂತ ಯಾರು ಹೇಳಿದ್ದು? ನನ್ನ ಗಂಡ, ಅವನ ತಮ್ಮಂದಿರು, ಜಮೀನ್ದಾರನ ಕೈಯಿಂದ ಈ ನೀರು ಬಿಡಿಸ್ಕೊಂಡಾಗ ಭವನ ಎಲ್ಲಿತ್ತು? ಕಾಲುವೆ ತಲೆ ಹತ್ರ, ತೂಬಿನ ಮೇಲೇ ಕೂತು ತೀರ್ಮಾನ ಮಾಡಿದ್ದು. ಅಲ್ಲಿ ಕರಿ."

"ಅಲ್ಲಿ ಸಿಗ್ನಲ್ ಸಿಗಲ್ಲ ಅತ್ತೆ."

ಪೆತ್ರೋನಾ ಸೊಸೆಯ ಮುಖವನ್ನೇ ನೋಡುತ್ತ ನಿಂತಳು, ಇವಳಿಗೆ ಯಾವಾಗ ಅರ್ಥವಾಗುತ್ತದೋ ನೋಡೋಣ ಎಂಬಂತೆ.

"ನಿಮ್ಮ ಮಗನೂ ಮತ ಕಳ್ಕೋತಾನೆ," ಎಂದಳು ತಾರ್ಹೇಲಿಯಾ ಕೊನೆಗೆ.

"ನನ್ನ ಮಗನಿಗೆ ನಾನು ಏಳೋದು, ಕೂರೋದು ಕಲಿಸ್ದೆ. ಕೈ ಯಾವಾಗ ಎತ್ಬೇಕು ಅನ್ನೋದು ಕಲಿಸ್ಲಿಲ್ಲ. ಅದು ನನ್ನ ತಪ್ಪು."

ಕಾಲುವೆ ತೆರೆದ ದಿನ, ಎಲ್ಲರೂ ಇನ್ನೂ ಕೆಸರಿನ ಕಾಲಲ್ಲೇ ಇದ್ದಾಗ, ಬಯಲು ಗುಡ್ಡದ ಗಾಳಿಯಲ್ಲಿ ತೂಬಿನ ಸುತ್ತ ಸಭೆ ಸೇರಿತು. ಮೂರು ದಿನ ಮೊದಲೇ ಫೋನಿನ ಗುಂಪಿನಲ್ಲಿ ಜಾಗ, ಹೊತ್ತು ಎರಡನ್ನೂ ತಿಳಿಸಿದ್ದಳು. ಹೊರದೇಶದ ಗಂಡಸರ್ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಟೀವಿಯನ್ನು ಅಲ್ಲಿಗೂ ಹೊತ್ತುಕೊಂಡು ಹೋಗುತ್ತಾರೆಂದು ಭಾವಿಸಿದ್ದರೋ ಏನೋ. ಸಭೆ ಶುರುವಾಗುವಾಗ ಬಾಲ್ಬೀನಾ ಎಂಬ ಹೆಂಗಸು ತನ್ನ ಫೋನನ್ನು ಗಾಳಿಯಲ್ಲಿ ಅತ್ತಿತ್ತ ಹಿಡಿದು ನೋಡಿದಳು.

"ಇಲ್ಲ ಅಕ್ಕ. ಒಂದು ಗೆರೆನೂ ಇಲ್ಲ."

"ಜೇಬಿಗಿಡು ಹಾಗಾದ್ರೆ."

ತಾರ್ಹೇಲಿಯಾಳಿಗೆ ಭಾಷಣ ಬರುತ್ತಿರಲಿಲ್ಲ. ಸಲಿಕೆಯನ್ನು ನೆಲಕ್ಕೆ ಚುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡು ಅಂದಳು: "ಇವತ್ತಿಂದ ಯಾರು ಅಗೀತಾರೋ ಅವರ ಹೆಸರಿಗೇ ಮತ, ಅವರಿಗೇ ನೀರಿನ ಸರದಿ. ಗಂಡಸೋ ಹೆಂಗಸೋ, ಇಲ್ಲಿ ಹುಟ್ಟಿದವರೋ ಹೊರಗಿಂದ ಬಂದವರೋ, ನಾನು ಕೇಳಲ್ಲ. ಬೇರೆಯವರ ಹೆಸರಿಗೆ ಯಾರೂ ಅಗೆಯೋ ಹಾಗಿಲ್ಲ. ಹಗಲ ನೀರು ಹೊಲಕ್ಕೆ. ಮಿಕ್ಕಿದ್ರೆ ನಲ್ಲಿಗೆ."

"ಅಂದ್ರೆ ಮೈರೆಲಿಸಿಗೂ?" ಎಂದು ಇಲಾರಿಯೊ ಅಜ್ಜ ಕೇಳಿದ. ಕುಹಕವಿರಲಿಲ್ಲ, ನಿಜವಾಗಿಯೇ ತಿಳಿಯಬೇಕಿತ್ತು ಅವನಿಗೆ.

"ಅವಳ ಗಂಡನ ಕಾಲು ಈ ಕಾಲುವೇಲಿ ಹೋಗಿದೆ ತಾತ. ನಿಮ್ಮ ನೀರಿಗೆ ಇದಕ್ಕಿಂತ ಜಾಸ್ತಿ ಕೊಟ್ಟವರು ಯಾರಿದಾರೆ ಹೇಳಿ, ಅವರ ಹೆಸರು ಮೊದಲು ಬರೀತೀನಿ."

ಅಜ್ಜ ಟೋಪಿ ತೆಗೆದು ತಲೆ ಸವರಿಕೊಂಡ. ಬಾಲ್ಬೀನಾ ಮೆಲ್ಲಗೆ, "ನನ್ನ ಗಂಡ ನನ್ನ ಕೊಂದೇ ಹಾಕ್ತಾನೆ," ಎಂದಳು.

"ಅಲ್ಲಿಂದ ಹೆಂಗೆ ಕೊಲ್ತಾನೇ? ಫೋನಲ್ಲಿ ಚಾಕು ಕಳಿಸ್ತಾನಾ?" ಎಂದು ಪೆತ್ರೋನಾ ಗದರಿದಳು.

ಕೈಗಳು ಮೇಲೆದ್ದವು. ಕೆಸರು ಮೆತ್ತಿದ, ಬೊಬ್ಬೆ ಎದ್ದ ಕೈಗಳು. ಮೈರೆಲಿಸ್ ತನ್ನ ಕೈ ಎತ್ತುವ ಮೊದಲು ತಾರ್ಹೇಲಿಯಾಳ ಕಡೆ ನೋಡಿದಳು, ನಿಜವಾಗಿಯೂ ಎತ್ತಲೇ ಎಂಬಂತೆ. "ಎತ್ತು," ಎಂದಳು ತಾರ್ಹೇಲಿಯಾ. ದನಿ ಬೇಕಾದ್ದಕ್ಕಿಂತ ಒರಟಾಗಿತ್ತು.

ಗುಡ್ಡ ಇಳಿದು ರಸ್ತೆಗೆ ಬರುವಷ್ಟರಲ್ಲಿ ಎಲ್ಲರ ಫೋನುಗಳೂ ಒಟ್ಟಿಗೆ ಬಡಿದುಕೊಳ್ಳತೊಡಗಿದವು.

ಆಮೇಲೆ ನಡೆದದ್ದು ಸುಲಭದ್ದೇನಲ್ಲ. ನೆಪ್ತಾಲಿ ಪೇಟೆಯ ವಕೀಲನಿಂದ ನೋಟಿಸ್ ಕಳಿಸಿದ. ಆ ವ್ಯಾಜ್ಯ ನೀರಿನ ಕಚೇರಿಯಲ್ಲಿ ಈಗಲೂ ಕೂತಿದೆ. ಐದು ಮನೆಗಳ ಗಂಡಸರು ಹೆಂಡತಿಯರಿಗೆ ಹಣ ಕಳಿಸುವುದನ್ನು ನಿಲ್ಲಿಸಿದರು. ಬಾಲ್ಬೀನಾ ಎರಡು ತಿಂಗಳು ತಡೆದು, ಮೂರನೆಯ ತಿಂಗಳು ಅಳುತ್ತ ಬಂದು, ತನ್ನ ಹೆಸರು ಅಳಿಸಿ ಗಂಡನ ಹೆಸರು ಬರೆಯಲು ಕೇಳಿದಳು. ತಾರ್ಹೇಲಿಯಾ ಅವಳನ್ನು ಬಯ್ಯಲಿಲ್ಲ. ಹೆಸರನ್ನೂ ಅಳಿಸಲಿಲ್ಲ. "ಅವನಿಗೆ ಅಳಿಸಿದೆ ಅಂತ ಹೇಳು," ಎಂದಳು. ಚೌಕದ ಕಾರಂಜಿ ಅರ್ಧಕ್ಕೆ ನಿಂತು ಅದರಲ್ಲಿ ಮಳೆನೀರು ಪಾಚಿ ಕಟ್ಟಿತು. ನೀಲಿ ಗಾಜಿನ ಮನೆಗಳಿಗೆ ನೀರು ಸಂಜೆ ಹೊತ್ತು ಸಣ್ಣಗೆ ಬರುತ್ತಿತ್ತು. ಕುಡಿಯುವವರೂ ಇರಲಿಲ್ಲ, ಸಾಕಾಗುತ್ತಿತ್ತು.

ನೆಪ್ತಾಲಿಯ ಮನೆಯಿಂದ ಹೊರಬಿದ್ದ ಮೈರೆಲಿಸ್ ಮತ್ತು ಯೋರ್ಮಾನ್ ಊರಲ್ಲೇ ಇದ್ದ ತಾರ್ಹೇಲಿಯಾಳ ತವರಿನ ಮಣ್ಣಿನ ಮನೆಗೆ ಬಂದರು. ಯೋರ್ಮಾನನ ಕಾಲು ಕೂಡಿಕೊಂಡಿತು, ಸೊಟ್ಟಗೆ. ನಡೆಯುವಾಗ ದೇಹ ಎಡಕ್ಕೆ ವಾಲುತ್ತಿತ್ತು. ಜೋಕು ಹೇಳುವುದನ್ನು ಬಿಟ್ಟಿದ್ದ. ಆ ಮನೆಯ ಹಿಂದಿನ ಪಾಳು ಹೊಲದಲ್ಲಿ ಮೈರೆಲಿಸ್ ಬಟಾಣಿ ಹಾಕಿದಳು. ಅವಳ ಸರದಿ ಗುರುವಾರ ಬೆಳಿಗ್ಗೆ. ಮೊದಲ ಗುರುವಾರ ನೀರು ಬಂದಾಗ ಅವಳಿಗೆ ನೀರು ತಿರುಗಿಸುವ ಮಡೆ ಕಟ್ಟಲು ಬಾರದೆ ಅರ್ಧ ನೀರು ಪಕ್ಕದವರ ಹೊಲಕ್ಕೆ ನುಗ್ಗಿ, ದೊಡ್ಡ ಜಗಳವೇ ಆಯಿತು. ಆ ಜಗಳದಲ್ಲಿ ಅವಳನ್ನು ಊರಿನವಳೆಂಬಂತೆಯೇ ಬೈದರು. ಪರದೇಶಿ ಎಂದು ಯಾರೂ ಅನ್ನಲಿಲ್ಲ.

ಅವೆಲಿನೊ ಬಹಳ ದಿನ ಫೋನ್ ಮಾಡಲಿಲ್ಲ. ತಾಯಿಗೆ ಮಾಡುತ್ತಿದ್ದ. ಪೆತ್ರೋನಾ ಅಂಗಳದ ತುದಿಗೆ ಹೋಗಿ ಮಗನೊಂದಿಗೆ ಮಾತಾಡಿ, ಒಳಗೆ ಬಂದು ಏನೂ ಹೇಳದೆ ತರಕಾರಿ ಹೆಚ್ಚುತ್ತಿದ್ದಳು. ಆಗಸ್ಟಿನ ಒಂದು ಮಧ್ಯಾಹ್ನ, ಗಾಳಿ ಬೀಸುವ ಕಾಲ, ತಾರ್ಹೇಲಿಯಾ ಬಾರ್ಲಿ ತೂರುತ್ತಿದ್ದಾಗ ಅವಳ ಫೋನು ಬಡಿಯಿತು.

"ನೆಪ್ತಾಲಿ ಕೆಲಸದಿಂದ ತೆಗೆದ," ಎಂದ ಅವೆಲಿನೊ. "ಹೆಂಡತಿನ ಹದ್ದುಬಸ್ತಲ್ಲಿ ಇಟ್ಕೊಳ್ಳೋಕೆ ಆಗ್ದಿದ್ದೋನು ಅಂತ ಎಲ್ಲರ ಮುಂದೆ ನಗಾಡಿದ. ಈಗ ಬೇರೆ ಕಡೆ ಹೋಗ್ತಿದೀನಿ. ಪಾತ್ರೆ ತೊಳಿಯೋ ಕೆಲಸ."

ಅವಳು ಜರಡಿ ಕೆಳಗಿಟ್ಟಳು. "ಊಟ?"

"ಅಲ್ಲೇ ಕೊಡ್ತಾರೆ." ಆಮೇಲೆ ಅಂದ: "ನನ್ನ ಹೆಸರು ತೆಗೆದುಬಿಟ್ಯಾ ತಾರ್ಹೇಲಿಯಾ. ನಮ್ಮಪ್ಪ ಬರೆಸಿದ ಹೆಸರು ಅದು. ಇಲ್ಲಿ ನನ್ನ ಹೆಸರಲ್ಲಿ ಏನೂ ಇಲ್ಲ. ಬಾಡಿಗೆ ಕೋಣೆ ಇನ್ನೊಬ್ಬನ ಹೆಸರಲ್ಲಿ, ಕೆಲಸಕ್ಕೆ ತೋರಿಸೋ ಕಾರ್ಡು ಸತ್ತವನ್ಯಾರದ್ದೋ. ಆ ಕಾಲುವೆ ಸಂಘದ ಪಟ್ಟೀಲಿ ಒಂದೇ ಕಡೆ ಅವೆಲಿನೊ ಗ್ವಾಮಾನ್ ಅಂತ ಇದ್ದದ್ದು."

ಅದು ಅವಳಿಗೆ ಹೊಳೆದಿರಲಿಲ್ಲ. ಆದರೆ ಮಾತು ಬದಲಾಗಲಿಲ್ಲ.

"ಬಾ. ಒಂದು ದಿನ ಬಂದು ಮಣ್ಣು ಎತ್ತು. ಅವತ್ತೇ ಬರೀತೀನಿ."

"ಬಂದ್ರೆ ಕಾಗದಪತ್ರ ಇಲ್ದೆ ಮತ್ತೆ ಇಲ್ಲಿಗೆ ಬರೋಕಾಗಲ್ಲ ಕಣೇ. ಗೊತ್ತಲ್ಲ ನಿಂಗೆ."

"ಗೊತ್ತು."

"ಬಂದು ಏನು ಮಾಡ್ಲಿ ಅಲ್ಲಿ?"

"ಅದನ್ನ ಹನ್ನೊಂದು ವರ್ಷದಿಂದ ನಾನು ಒಬ್ಬಳೇ ಮಾಡ್ತಿದೀನಲ್ಲ ಅವೆಲಿನೊ. ಏನು ಮಾಡೋದು ಅಂತ ಯಾರಾದ್ರೂ ನನ್ನ ಕೇಳಿದ್ರಾ?"

ಅವನು ಅಳುತ್ತಿದ್ದನೋ, ಅಲ್ಲಿನ ಬೀದಿಯ ಸದ್ದೋ, ಗೊತ್ತಾಗಲಿಲ್ಲ. ಕರೆ ತಾನಾಗಿ ಕಡಿದುಹೋಯಿತು. ಅವಳು ತಿರುಗಿ ಮಾಡಲಿಲ್ಲ, ಅವನೂ ಮಾಡಲಿಲ್ಲ.

ಪೆತ್ರೋನಾ ಜಗುಲಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಬರ್ತಾನಂತಾ?"

"ಇಲ್ಲ."

"ಇನ್ನೂ ಕೋಪ ಇದೆಯಾ ಅವನ ಮೇಲೆ?"

ತಾರ್ಹೇಲಿಯಾ ಜರಡಿ ಕೈಗೆತ್ತಿಕೊಂಡಳು. ಕೋಪವೇನೋ ಇತ್ತು, ಮೊದಲಿನಷ್ಟೇ ಬಿಸಿಯಾಗಿ. ಆದರೆ ಪಾತ್ರೆ ತೊಳೆಯುವ ಗಂಡನ ಮೇಲೆ ಅದನ್ನು ಹೊರಿಸಲು ಹೋದರೆ ಅಲ್ಲಿ ನಿಲ್ಲುತ್ತಿರಲಿಲ್ಲ. ನೆಪ್ತಾಲಿಯೊಬ್ಬನ ಮೇಲೆ ಹಾಕಿದರೆ ಮಿಕ್ಕು ಉಳಿಯುತ್ತಿತ್ತು.

"ಇದೆ ಅತ್ತೆ," ಎಂದಳು. "ಯಾರ ಮೇಲೆ ಅಂತ ಮಾತ್ರ ಕೇಳಬೇಡಿ."

ಗಾಳಿ ಮತ್ತೆ ಏಳುತ್ತಿತ್ತು. ನಿಂತುಹೋಗುವ ಮೊದಲು ಮಿಕ್ಕ ಬಾರ್ಲಿ ತೂರಬೇಕಿತ್ತು. ಪೆತ್ರೋನಾ ಜಗುಲಿಯಿಂದ ಇಳಿದು ಬಂದು ಜರಡಿಯ ಇನ್ನೊಂದು ಬದಿ ಹಿಡಿದಳು.